ಒಂದೇ ರಿಸೀವರ್: ಅಜ್ಜಿಗೆ ತತ್ವಪದ, ಮಾವನಿಗೆ ಫೈಟು

ಕಳೆದ ಸೆಮಿಸ್ಟರ್ ರಜೆಯಲ್ಲಿ ಶಿಡ್ಲಘಟ್ಟದ ಹತ್ತಿರದ ಅಜ್ಜಿ ಮನೆಗೆ ಹೋಗಿದ್ದೆ. ಮಾವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಸೆಕೆಂಡ್ ಹ್ಯಾಂಡ್ 5.1 ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್ ತಂದಿದ್ದರು. "ಎಲೆಕ್ಟ್ರಾನಿಕ್ಸ್ ಓದ್ತಿದೀಯಲ್ಲ, ಜೋಡ್ಸು" ಅಂದರು. ವೈರ್ ಜೋಡಿಸೋಕೆ ಒಂದು ಗಂಟೆ ಆಯ್ತು. ಸರಿಯಾಗಿ ಕೇಳಿಸೋ ಹಾಗೆ ಮಾಡೋಕೆ ನಾಲ್ಕು ದಿನ ಹಿಡೀತು. ಆ ನಾಲ್ಕು ದಿನದಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲ ದಿನ ಏನಾಯ್ತು ಅಂದ್ರೆ, ಇಬ್ಬರಿಗೂ ಖುಷಿ ಆಗಲಿಲ್ಲ. ಅಜ್ಜಿ ಹತ್ರ ಒಂದು ಪೆನ್ ಡ್ರೈವ್ ಇದೆ, ತುಂಬಾ ಕೈವಾರ ತಾತಯ್ಯನವರ ಪದಗಳು. (ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಗುರುಪೂರ್ಣಿಮೆಗೆ ಕೈವಾರದಲ್ಲಿ ನಡೆಯೋ ಸಂಗೀತೋತ್ಸವಕ್ಕೆ ಅಜ್ಜಿ ಚಿಂತಾಮಣಿ ಕಡೆಯ ಬಸ್ಸು ಹಿಡಿದು ಹೋಗಿಬರ್ತಾರೆ.) ಹಾಡು ಹಾಕಿದೆ. ಹತ್ತು ನಿಮಿಷ ಕೇಳಿದರು. "ಬಾವಿ ಒಳಗಿಂದ ಹಾಡ್ದಂಗೈತೆ ಕಣಪ್ಪ" ಅಂದು, ಮಾವ ಅಟ್ಟಕ್ಕೆ ಹಾಕಿದ್ದ ಹಳೇ ರೇಡಿಯೋನ ಇಳಿಸಿಕೊಂಡು ಅಡುಗೆಮನೆಗೆ ಹೋದರು. ರಾತ್ರಿ ಮಾವ ಕಾಂತಾರ ಹಾಕಿದರು. ಗದ್ದಲದ ಸೀನಿಗೆ ಕಿಟಕಿ ಅದುರಿತು, ಮಾತು ಬಂದಾಗ ಏನೂ ಕೇಳಿಸ್ತಿರಲಿಲ್ಲ. ಸಿನಿಮಾ ಮುಗಿಯೋ ತನಕ ಅವರ ಹೆಬ್ಬೆರಳು ವಾಲ್ಯೂಮ್ ಬಟನ್ ಬಿಡಲಿಲ್ಲ.

ಕಾರಣ ಸರಳ. ಹಾಡು ಮಾಡೋದು ಎರಡು ಚಾನೆಲ್‌ಗೆ, ಎಡ ಮತ್ತು ಬಲ. ಈಗಿನ ಸಿನಿಮಾ ಮಾಡೋದು ಐದು ಚಾನೆಲ್ ಮತ್ತು ಒಂದು ಬಾಸ್ ಚಾನೆಲ್‌ಗೆ. ಅದರಲ್ಲಿ ಮಾತು ಬಹುಪಾಲು ನಡುವಿನ ಸೆಂಟರ್ ಸ್ಪೀಕರ್‌ಗೆ ಬರುತ್ತೆ. ಆದರೆ ರಿಸೀವರ್‌ಗೆ ಏನೇ ಕೊಟ್ಟರೂ, ನಾವು ಕೊನೆಗೆ ಯಾವ ಮೋಡ್‌ನಲ್ಲಿ ಬಿಟ್ಟಿದ್ವೋ ಅದರಲ್ಲೇ ನುಡಿಸ್ತಾ ಹೋಗುತ್ತೆ. ನಾನು "ಹಾಲ್" ಅನ್ನೋ ಮೋಡ್‌ನಲ್ಲಿ ಬಿಟ್ಟಿದ್ದೆ. ಹೆಸರು ಚೆನ್ನಾಗಿತ್ತು, ಅಷ್ಟೇ! ಆ ಮೋಡ್ ಎರಡು ಚಾನೆಲ್ ಹಾಡಿಗೆ ಸುಳ್ಳು ಪ್ರತಿಧ್ವನಿ ಸೇರಿಸಿ ಹಿಂದಿನ ಸ್ಪೀಕರ್‌ಗಳಿಗೂ ಕಳಿಸುತ್ತೆ. ಅಜ್ಜಿ ಹೇಳಿದ ಬಾವಿ ಅದೇ.

ಮೊದಲು ಸಿನಿಮಾ ಕಡೆ ನೋಡೋಣ. ರಿಸೀವರ್ ಮುಂದಿನ ಡಿಸ್‌ಪ್ಲೇನ ಯಾರೂ ಓದಲ್ಲ, ಓದಬೇಕು. ಮಾವನ ಸಿನಿಮಾ ಓಡುವಾಗ ಅಲ್ಲಿ ಪಿಸಿಎಂ ಅಂತ ಬರ್ತಿತ್ತು, ಡಾಲ್ಬಿ ಅಂತ ಬರ್ತಿರಲಿಲ್ಲ. ಅಂದರೆ ಟಿವಿ ಐದು ಚಾನೆಲ್ಲನ್ನ ತಾನೇ ಎರಡಕ್ಕೆ ಕಲಸಿ ಕಳಿಸ್ತಿತ್ತು. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಇದ್ದದ್ದನ್ನ ಬಿಟ್‌ಸ್ಟ್ರೀಮ್ ಮಾಡಿದೆ. ಎಚ್‌ಡಿಎಂಐ ಕೇಬಲ್ ಟಿವಿಯ ಎಆರ್‌ಸಿ ಅಂತ ಬರೆದಿರೋ ಪೋರ್ಟ್‌ನಲ್ಲೇ ಇರಬೇಕು, ಪಕ್ಕದ್ದರಲ್ಲಿ ಹಾಕಿದರೆ ಟಿವಿಯ ಶಬ್ದ ವಾಪಸ್ ಬರಲ್ಲ. ಇಷ್ಟು ಮಾಡಿದ ಮೇಲೆ ಸೆಂಟರ್ ಸ್ಪೀಕರ್ ಮೊದಲ ಸಲ ಬಾಯಿ ಬಿಡ್ತು. ಅದರ ಲೆವೆಲ್ 2 ಡೆಸಿಬಲ್ ಏರಿಸಿದೆ. ರಾತ್ರಿ ಹೊತ್ತಿಗೆ ಡೈನಾಮಿಕ್ ರೇಂಜ್ ಕಂಪ್ರೆಷನ್ ಅಂತ ಒಂದಿದೆ, ಕೆಲವದರಲ್ಲಿ ನೈಟ್ ಮೋಡ್ ಅಂತಾರೆ. ಅದು ಜೋರಾದದ್ದನ್ನ ತಗ್ಗಿಸಿ, ಸಣ್ಣದನ್ನ ಎತ್ತುತ್ತೆ. ಪಕ್ಕದ ರೂಮಲ್ಲಿ ಮಲಗೋರಿಗೋಸ್ಕರ ಹಾಕಿ. ಹಾಡಿಗೆ ಮಾತ್ರ ಮರೆಯದೆ ತೆಗೀರಿ.

ಇನ್ನು ಹಾಡು. ಇಲ್ಲಿ ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೇದು. ಸ್ಟೀರಿಯೋ ಮೋಡ್, ಮುಂದಿನ ಎರಡು ಸ್ಪೀಕರ್, ಮುಗೀತು. ಎರಡು ಸ್ಪೀಕರ್ ಮತ್ತು ಕೂತವರ ತಲೆ ಸೇರಿ ಸಮಬಾಹು ತ್ರಿಕೋನ ಆಗಬೇಕು, ಅಂದರೆ ಪ್ರತಿ ಸ್ಪೀಕರ್ ನಡುವಿನಿಂದ ಸುಮಾರು 30 ಡಿಗ್ರಿ ಆಚೆ. ಸರಿಯಾಗಿದ್ದರೆ ಹಾಡೋರ ದನಿ ಎರಡೂ ಸ್ಪೀಕರ್ ಬಿಟ್ಟು ನಡುವೆ ಖಾಲಿ ಜಾಗದಲ್ಲಿ ನಿಂತ ಹಾಗೆ ಕೇಳಿಸುತ್ತೆ. ನಿಲ್ಲದೆ ಚೆದುರಿದ ಹಾಗೆ ಅನಿಸಿದರೆ, ಬಾಸ್ ಕೂಡ ಮಾಯವಾಗಿದ್ದರೆ, ಒಂದು ಸ್ಪೀಕರಿನ ಪ್ಲಸ್ ಮೈನಸ್ ತಿರುಗಿದೆ ಅಂತ ಅರ್ಥ. ನಂದೂ ತಿರುಗಿತ್ತು. ಯಾರಿಗೂ ಹೇಳಲಿಲ್ಲ, ಪ್ಲಗ್ ಕಿತ್ತು ಸರಿ ಮಾಡಿದೆ.

ಕೆಲವು ರಿಸೀವರ್‌ಗಳಲ್ಲಿ ಪ್ಯೂರ್ ಡೈರೆಕ್ಟ್ ಅನ್ನೋ ಬಟನ್ ಇರುತ್ತೆ. ಹಾಡಿಗೆ ಅದೇ ಬೆಸ್ಟ್ ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. ದೊಡ್ಡ ಟವರ್ ಸ್ಪೀಕರ್ ಇದ್ದವರಿಗೆ ಸರಿ. ನಮ್ಮದು ಗೇಣುದ್ದದ ಸ್ಪೀಕರ್. ಡೈರೆಕ್ಟ್ ಒತ್ತಿದ ತಕ್ಷಣ ನಮ್ಮ ರಿಸೀವರ್ ಸಬ್‌ವೂಫರನ್ನೂ ಬಿಟ್ಟುಬಿಡ್ತು, ತಂಬೂರಿಯ ತಳ ಹೋಯ್ತು. ಮಾಮೂಲಿ ಸ್ಟೀರಿಯೋ ಇಟ್ಟು, ಮೆನುವಿನಲ್ಲಿ ಸ್ಪೀಕರ್ ಸೈಜ್ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಕೊಟ್ಟೆ. 80ರ ಕೆಳಗಿನದೆಲ್ಲ ಸಬ್‌ವೂಫರ್‌ಗೆ, ಮೇಲಿನದು ಸ್ಪೀಕರ್‌ಗೆ. ಯಾಕೆ 80? ಅಷ್ಟು ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬರ್ತಿದೆ ಅಂತ ಕಿವಿಗೆ ಸುಲಭಕ್ಕೆ ಗೊತ್ತಾಗಲ್ಲ. ಮೊದಲು ಅದು 150ರಲ್ಲಿತ್ತು. ಗಂಡಸರ ದನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಸ್ ತನಕ. ಹಾಗಾಗಿ ಭಾಗವತರ ಅರ್ಧ ಗಂಟಲು ಮೂಲೆಯ ಸಬ್‌ವೂಫರ್‌ನಿಂದ ಬರ್ತಿತ್ತು! ಬಾವಿಯ ಇನ್ನೊಂದು ಕಾರಣ ಇದು.

ದೂರದ ಸೆಟ್ಟಿಂಗ್ ಎರಡಕ್ಕೂ ಬೇಕು. ಇದನ್ನ ವಿವರಿಸೋಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಗೌರಿಬಿದನೂರಿನ ರೇಡಿಯೋ ದೂರದರ್ಶಕ ಗೊತ್ತಲ್ವಾ? ಟಿ ಆಕಾರದಲ್ಲಿ ಹರಡಿದ 1000 ಡೈಪೋಲ್ ಆಂಟೆನಾಗಳು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳೋಕೆ ಕಟ್ಟಿದ್ದು. ಒಂದೇ ಅಲೆ ಒಂದೊಂದು ಆಂಟೆನಾಗೆ ಒಂದೊಂದು ಕ್ಷಣಕ್ಕೆ ತಲುಪುತ್ತೆ. ಮೊದಲು ಬಂದದ್ದನ್ನ ಲೆಕ್ಕ ಹಾಕಿ ತಡೆದು, ತಡವಾಗಿ ಬಂದದ್ದರ ಜೊತೆ ಸೇರಿಸಿದರೆ ಆಕಾಶದ ಒಂದೇ ದಿಕ್ಕು ಸ್ಪಷ್ಟ ಆಗುತ್ತೆ. ಅದೇ ಊರಿನ ಭೂಕಂಪನ ಕೇಂದ್ರ ಕೂಡ ಸಾಲಾಗಿಟ್ಟ ಮಾಪಕಗಳಿಂದ ಇದೇ ಉಪಾಯ ಮಾಡುತ್ತೆ, ಅಲ್ಲಿ ಅಲೆ ಬರೋದು ನೆಲದೊಳಗಿಂದ. ಹೋಮ್ ಥಿಯೇಟರ್‌ನಲ್ಲಿ ಇದು ಉಲ್ಟಾ: ಕಳಿಸೋರು ಐದು ಜನ, ಕೇಳೋರು ಒಬ್ಬರು. ನಮ್ಮ ಮನೆಯಲ್ಲಿ ಮುಂದಿನ ಸ್ಪೀಕರ್ ಸೋಫಾದಿಂದ 3 ಮೀಟರ್, ಹಿಂದಿನದು 1.2 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 1.8 ಮೀಟರ್ ವ್ಯತ್ಯಾಸಕ್ಕೆ 5 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. ಮೆನುವಿನಲ್ಲಿ ದೂರ ಬರೆದರೆ ರಿಸೀವರ್ ಹತ್ತಿರದ ಸ್ಪೀಕರನ್ನ ಅಷ್ಟು ಹೊತ್ತು ತಡೆದು ನುಡಿಸುತ್ತೆ. ಡೆನಾನ್‌ನಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಿಎಒ ಅನ್ನೋ ವ್ಯವಸ್ಥೆ ಮೈಕ್ ಇಟ್ಟು ಇದನ್ನ ತಾನೇ ಅಳೆಯುತ್ತೆ. ನಮ್ಮ ಸೆಕೆಂಡ್ ಹ್ಯಾಂಡ್ ಮಾಲಿಗೆ ಮೈಕ್ ಬಂದಿರಲಿಲ್ಲ. ಮಾವನ ಟೇಪಿನಲ್ಲಿ ಅಳೆದೆ, ಏನೂ ತೊಂದರೆ ಆಗಲಿಲ್ಲ.

ಕೊನೆಗೆ ಕೋಣೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ. ಆ ಹಾಲ್ ಮೊದಲು ರೇಷ್ಮೆ ಹುಳ ಸಾಕ್ತಿದ್ದ ಮನೆ. 20 ಅಡಿ ಉದ್ದ, 11 ಅಡಿ ಅಗಲ, ಸಿಮೆಂಟ್ ಗೋಡೆ, ಬರೀ ನೆಲ. ಚಪ್ಪಾಳೆ ತಟ್ಟಿದರೆ ಟರ್ರ್ ಅಂತ ಉತ್ತರ ಕೊಡುತ್ತೆ. ನಿಮ್ಮ ಕೋಣೆಯಲ್ಲೂ ಮೊದಲು ಚಪ್ಪಾಳೆ ತಟ್ಟಿ ನೋಡಿ. ಅಟ್ಟದಲ್ಲಿದ್ದ ಹಳೇ ಚಂದ್ರಿಕೆಗಳನ್ನ ಹಿಂದಿನ ಗೋಡೆಗೆ ನೇತು ಹಾಕಿದೆ. ನೋಡೋಕೆ ಚೆಂದ ಬಂತು, ಶಬ್ದಕ್ಕೆ ಹೇಳಿಕೊಳ್ಳೋ ಲಾಭ ಆಗಲಿಲ್ಲ. ಬಿದಿರು ಶಬ್ದ ಕುಡಿಯಲ್ಲ. ಕೆಲಸ ಮಾಡಿದ್ದು ನೆಲಕ್ಕೆ ಹಾಸಿದ ದಪ್ಪ ಜಮಖಾನ, ಕಿಟಕಿಗೆ ಹಾಕಿದ ಭಾರದ ಪರದೆ. ಇನ್ನೊಂದು, ಸೋಫಾ ಗೋಡೆಗೆ ಒತ್ತಿಕೊಂಡಿತ್ತು. ಬಾಸ್ ಗೋಡೆ ಹತ್ರ ಗುಡ್ಡೆ ಬೀಳುತ್ತೆ. 20 ಅಡಿ ಉದ್ದಕ್ಕೆ ಮೊದಲ ಅನುರಣನ ಸುಮಾರು 28 ಹರ್ಟ್ಸ್, ಎರಡನೇದು 56. ಸೋಫಾ ಎರಡಡಿ ಮುಂದೆ ಎಳೆದ ಮೇಲೆ ಗುಂಯ್ ಅನ್ನೋದು ಎಷ್ಟೋ ಕಡಿಮೆ ಆಯ್ತು. ಒಂದು ರೂಪಾಯಿ ಖರ್ಚಿಲ್ಲ.

ಇಷ್ಟನ್ನೂ ಪ್ರತಿ ಸಲ ಮೆನುಗೆ ಹೋಗಿ ಬದಲಾಯಿಸು ಅಂತ ಅಜ್ಜಿಗೆ ಹೇಳೋಕಾಗುತ್ತಾ? ಯಮಹಾದಲ್ಲಿ ಸೀನ್, ಡೆನಾನ್‌ನಲ್ಲಿ ಕ್ವಿಕ್ ಸೆಲೆಕ್ಟ್ ಅನ್ನೋ ಬಟನ್‌ಗಳಿವೆ, ಬೇರೆಯವರಲ್ಲೂ ಇಂಥದ್ದು ಇರುತ್ತೆ. ಯಾವ ಇನ್‌ಪುಟ್, ಯಾವ ಮೋಡ್ ಅನ್ನೋದನ್ನ ಒಂದು ಬಟನ್‌ಗೆ ಉಳಿಸಬಹುದು. ಒಂದನೇದು ಪೆನ್ ಡ್ರೈವ್ ಮತ್ತು ಸ್ಟೀರಿಯೋ, ಎರಡನೇದು ಟಿವಿ ಮತ್ತು ಸರೌಂಡ್. ಒಂದನೇ ಬಟನ್ ಮೇಲೆ ಅಜ್ಜಿಯೇ ತಮ್ಮ ಸ್ಟಿಕ್ಕರ್ ಬೊಟ್ಟು ಅಂಟಿಸಿದರು.

ನಾಲ್ಕನೇ ದಿನ ಸಾಯಂಕಾಲ ಬೊಟ್ಟು ಒತ್ತಿ ಕೂತರು. ಅರ್ಧ ಗಂಟೆ ಎದ್ದಿಲ್ಲ. ನಡುವೆ ಒಂದೇ ಸಲ ಮಾತಾಡಿದ್ದು: "ಈ ಪದಕ್ಕೆ ಖಂಜಿರ ಐತೆ ಅಂತ ಇವತ್ತೇ ಗೊತ್ತಾಗಿದ್ದು." ರೇಡಿಯೋ ಮತ್ತೆ ಅಟ್ಟ ಸೇರಿತು, ಈ ಸಲ ಅವರೇ ಕೊಟ್ಟರು.

ಒಂದು ತೊಂದರೆ ಹಾಗೇ ಉಳಿದಿದೆ. ಡಿಶ್ ಕೇಬಲ್ ಚುಚ್ಚಿದರೆ ಸಣ್ಣಗೆ ಗುಂಯ್ ಅನ್ನುತ್ತೆ, ಕಿತ್ತರೆ ನಿಲ್ಲುತ್ತೆ. ಅದು ಅರ್ಥ್ ಲೂಪ್. ಡಿಶ್ಶಿನ ಅರ್ಥ್ ಬೇರೆ, ಪ್ಲಗ್ಗಿನ ಅರ್ಥ್ ಬೇರೆ ಆಗಿ ಎರಡರ ನಡುವೆ ಸಣ್ಣ ಕರೆಂಟ್ ಓಡ್ತಿದೆ. ಪ್ಲಗ್ಗಿನ ಮೂರನೇ ಪಿನ್ ಮುರಿಯೋ ಐಡಿಯಾ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ, ಶಾಕ್ ಹೊಡೆಯುತ್ತೆ. ಎರಡೂ ಅರ್ಥನ್ನ ಒಂದೇ ಕಡೆ ಸೇರಿಸೋಕೆ ಎಲೆಕ್ಟ್ರಿಷಿಯನ್ ಕರೆಸಬೇಕು, ಹಬ್ಬಕ್ಕೆ ಹೋದಾಗ ಮಾಡಿಸ್ತೀನಿ. ಅಲ್ಲಿ ತನಕ ಅಜ್ಜಿ ಹಾಡು ಕೇಳೋ ಮುಂಚೆ ಡಿಶ್ ಕೇಬಲ್ ಕಿತ್ತಿಡ್ತಾರೆ, ರಾತ್ರಿ ಮಾವ ಬಂದು ಮತ್ತೆ ಚುಚ್ತಾರೆ.