ಬಸಿಯ ಮೇಲಿನ ಚೀಟಿ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಕೆಲಸಕ್ಕೆ ಮೊದಲ ಸಲ ಹೋಗುವ ನಮ್ಮ ಕ್ರೈಸ್ತ ಸಭೆಯ ಮಾಸ್ತರು, ಟೀಚರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಕ್ವಾಡಿಗೆ ಹೆದರಬೇಡಿ, ಅವರ ಸುದ್ದಿ ಅವರ ಜೀಪಿಗಿಂತ ಮುಂಚೆಯೇ ಬಂದಿರುತ್ತದೆ. ಹೆದರಬೇಕಾದದ್ದು ಜೊತೆಗೆ ಕೂತು ಉಪ್ಪಿಟ್ಟು ತಿನ್ನುವವರಿಗೆ.

ಗದಗ ಕಡೆಯ ಒಂದು ಹಳ್ಳಿ, ಹೆಸರು ಬೇಡ. ಕೊಠಡಿಗೆ ಕ್ಯಾಮೆರಾ ಬರುವ ಮೊದಲಿನ ಮಾತು. ಗಣಿತದ ದಿನ ಗಣಿತದವರನ್ನು ಕೊಠಡಿಗೆ ಹಾಕುವುದಿಲ್ಲ, ಕನ್ನಡ ಮಾಸ್ತರನಾದ ನನಗೆ ಬಿತ್ತು. ಬಹು ಆಯ್ಕೆಯ ಪ್ರಶ್ನೆಗಳ ಉತ್ತರವನ್ನು ಎಲ್ಲ ಕೊಠಡಿಗೂ ಹೇಳಿಬಿಡುವುದೆಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು. "ಬಡವರ ಮಕ್ಕಳ್ರೀ ಸರ್, ನಿಮ್ಮಪ್ಪನ ಗಂಟೇನು ಹೋಗ್ತದ?" ನನ್ನ ಕೊಠಡಿ ಬಿಡಿ ಎಂದೆ. "ಪಾದ್ರಿ ಬಂದಾರ್ರೋ, ಎಲ್ಲಾರೂ ಕಣ್ಣು ಮುಚ್ರಿ" ಎಂದನೊಬ್ಬ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಪರೀಕ್ಷೆ ಶುರುವಾಗಿ ಅರ್ಧ ತಾಸಿಗೆ ಹುಡುಗ ಚಹಾ ತಂದ. ಕಪ್ಪು ಎತ್ತಿದೆ. ಬಸಿಗೆ ಅಂಟಿಕೊಂಡು ನೆನೆದ ಚೀಟಿ: ಒಂದು ಸಿ, ಎರಡು ಎ... ಶಾಯಿ ಹಬ್ಬಿ ಐದನೆಯದು ಬಿಯೋ ಡಿಯೋ ತಿಳಿಯುತ್ತಿರಲಿಲ್ಲ. ತಲೆ ಎತ್ತಿದರೆ ಇಡೀ ಕೊಠಡಿ ನನ್ನ ಕೈಯನ್ನೇ ನೋಡುತ್ತಿತ್ತು. ಪಕ್ಕದ ಕೊಠಡಿಯಲ್ಲಿ ಆಗಲೇ ಉತ್ತರ ಹೇಳುವ ದನಿ. ಕಿಟಕಿ ಬದಿಯ ಹುಡುಗಿಯೊಬ್ಬಳು ಮಾತ್ರ ತಲೆ ಎತ್ತಲಿಲ್ಲ. ಹೊರಗಿನ ಬಿಂದುವಿನಿಂದ ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದಳು. ಗೆರೆ ಜಾರಿತು, ರಬ್ಬರಿನಿಂದ ಉಜ್ಜಿದಳು, ಉದುರಿದ ಚೂರನ್ನು ಊದಿ ಮತ್ತೆ ಕೈವಾರ ಊರಿದಳು. ನಾನು ಚೀಟಿ ಮಡಿಚಿ ಜೇಬಿಗೆ ಹಾಕಿದೆ. ಹಿಂದಿನ ಬೆಂಚಿನಿಂದ ಮೆಲ್ಲಗೆ, "ಸರ್, ಆ ಕೊಠಡ್ಯಾಗ ಹೇಳ್ಯಾರ್ರೀ." ಅವನು ಹೇಳಿದ್ದು ಸುಳ್ಳಲ್ಲ, ಅವನಿಗಾದ ಅನ್ಯಾಯವೂ ಸುಳ್ಳಲ್ಲ. ಉಳಿದಷ್ಟು ಹೊತ್ತು ಗೋಡೆಗೆ ಬೆನ್ನು ಕೊಟ್ಟು ನಿಂತೆ, ಅವನ ಮುಖ ನೋಡಲಿಲ್ಲ.

ಚೀಟಿ ಒಪ್ಪಿಸಿದರೆ ಮುಖ್ಯ ಅಧೀಕ್ಷಕರು ಬಿಚ್ಚಿಯೂ ನೋಡದೆ ಕಸದ ಬುಟ್ಟಿಗೆ ಒಗೆದರು. ಪ್ರತಿ ಉತ್ತರಪತ್ರಿಕೆಯ ಮೇಲೂ ನನ್ನ ಸಹಿ ಇದೆ ಎಂದೆ. "ನಮ್ಮದೂ ಐತಿ, ನಮಗೇನಾಗೇತಿ?" ಮೇಲೆ ಕೂತವರು ಆ ಒಂದು ದಿನ ಗಟ್ಟಿ ನಿಂತಿದ್ದರೆ ನಾನು ಒಬ್ಬಂಟಿಯಾಗುತ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಹೊರಗೆ ಬಂದರೆ ನನ್ನನ್ನು ಕರೆತಂದಿದ್ದ ಬೈಕು ಹೊರಟುಹೋಗಿತ್ತು. ಮಾರನೆಯ ಪರೀಕ್ಷೆಗೆ ನನಗೆ ಕೊಠಡಿಯೂ ಸಿಗಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹಿರಿಯರೇ ಹಿಡಿದುಕೊಂಡರು. ಅವರ ತಂಗಿಯ ಮಗ ಅದೇ ಕೊಠಡಿಯಲ್ಲಿದ್ದನಂತೆ. "ಸ್ವಾಮಿ ಕರುಣೆ ಕಲಿಸ್ಯಾನ, ನೀವು ಕಾಯ್ದೆ ಹಿಡ್ಕೊಂಡು ಕುಂತೀರಿ." ಬೇರೆಯವರು ಪಾದ್ರಿ ಅಂದಾಗ ಆಗದ ನೋವು ಆಗ ಆಯಿತು. ಬಹುಮಂದಿಯ ಹಿಂದೆ ಕೆಟ್ಟದ್ದಕ್ಕೆ ಹೋಗಬಾರದೆಂಬ ವಿಮೋಚನಕಾಂಡ 23ರ ಎರಡನೆಯ ವಚನ ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ. ಅದರ ಮರುವಚನ ಯಾರ ಬಾಯಲ್ಲೂ ಬರುವುದಿಲ್ಲ: ವ್ಯಾಜ್ಯದಲ್ಲಿ ಬಡವನೆಂದು ಪಕ್ಷ ವಹಿಸಕೂಡದು. ಸ್ಪರ್ಶಕ ಎಳೆದ ಹುಡುಗಿಯೇನು ಸಾಹುಕಾರರ ಮಗಳೇ? ಸಂಡೇ ಸ್ಕೂಲಿನಲ್ಲಿ ಅರಸನ ಊಟ ಬೇಡವೆಂದ ದಾನಿಯೇಲನ ಕಥೆ ಹೇಳುತ್ತೇವೆ. ಅವನಿಗೆ ಮೂವರು ಗೆಳೆಯರಿದ್ದರು ಎಂಬುದನ್ನು ಒತ್ತಿ ಹೇಳುವುದಿಲ್ಲ.

2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿಯೂ ಶೇ. 73.40ಕ್ಕೆ ಇಳಿಯಿತು. ಅಂದು ನಕ್ಕವರೇ ಈಗ "ಕ್ಯಾಮೆರಾ ಐತ್ರೀ, ಏನ್ ಮಾಡೂದು" ಅನ್ನುತ್ತಾರೆ. ಕ್ಯಾಮೆರಾಕ್ಕೆ ಯಾರೂ ಪಾದ್ರಿ ಅನ್ನುವುದಿಲ್ಲ.

ನಾನು ಹೇಳಬಲ್ಲದ್ದು ಇಷ್ಟೇ. ಒಲ್ಲೆ ಎಂಬುದನ್ನು ಕೊಠಡಿಗೆ ಹೋಗುವ ಮೊದಲೇ ಹೇಳಿ, ವಚನ ಉದುರಿಸದೆ ಹೇಳಿ. ನಿಮ್ಮಂತೆಯೇ ಅಳುಕುವವರು ಒಬ್ಬರಾದರೂ ಇರುತ್ತಾರೆ, ಯಾವ ಧರ್ಮದವರಾದರೂ ಸರಿ, ಮೊದಲು ಅವರನ್ನು ಹುಡುಕಿ. ರೊಟ್ಟಿ ಡಬ್ಬಿ ಮನೆಯಿಂದಲೇ ಒಯ್ಯಿರಿ. ಮರಳುವ ಬಸ್ಸಿನ ವೇಳೆ ಕೇಳಿಟ್ಟುಕೊಳ್ಳಿ.