ಅರಾವಳಿಯ ಕ್ವಾರಿ ಕೆರೆಗಳತ್ತ ಸೈಕಲ್ ತಿರುಗಿಸುವವರಿಗೆ: ಮಾಡಬಾರದ್ದು, ಮಾಡಬೇಕಾದ್ದು

ದೆಹಲಿ, ಗುರುಗ್ರಾಮ, ಫರೀದಾಬಾದ್‌ನಲ್ಲಿರುವ ಕನ್ನಡದ ಗೆಳೆಯರು ಭಾನುವಾರದ ಸವಾರಿಗೆ ಬರುವ ಮುನ್ನ ಇದನ್ನು ಪೂರ್ತಿ ಓದತಕ್ಕದ್ದು. ನಂದಿಬೆಟ್ಟವನ್ನು ಹತ್ತು ಸಲ ಹತ್ತಿದ್ದೇನೆ, ನನಗೇನು ಹೇಳುತ್ತೀರಿ ಎನ್ನುವವರು ಎರಡು ಸಲ ಓದಲಿ. ಮೆತ್ತಗೆ ಹೇಳಿದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಗಟ್ಟಿಯಾಗಿ ಬರೆದಿದ್ದೇನೆ.

ಮೊದಲು ನೆಲದ ಜಾತಕ. ಗ್ವಾಲ್ ಪಹಾಡಿ, ಬಂಧವಾಡಿ, ಮಂಗರ್, ಕೋಟ್, ಧೌಜ್, ಸಿರೋಹಿ ಊರುಗಳ ನಡುವೆ ನಾವು ತುಳಿಯುವ ಜಲ್ಲಿಹಾದಿಗಳಲ್ಲಿ ಎಷ್ಟೋ, ಗಣಿಲಾರಿಗಳು ಮಾಡಿಟ್ಟುಹೋದಂಥವು. ರಾಜಧಾನಿ ಕಟ್ಟಲು ಬೇಕಾದ ಕಲ್ಲು, ಜಲ್ಲಿ, ಮರಳು ದಶಕಗಳ ಕಾಲ ಈ ಗುಡ್ಡಗಳಿಂದ ಹೋಯಿತು. ಹರಿಯಾಣದ ಅರಾವಳಿಯಲ್ಲಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ 2002ರಲ್ಲಿ ತಡೆ ಹಾಕಿತು. 2009ರ ಮೇ ತಿಂಗಳಲ್ಲಿ ಫರೀದಾಬಾದ್, ಗುರುಗ್ರಾಮ, ಮೇವಾತ್ ಭಾಗಗಳಲ್ಲಿ ಪೂರ್ತಿ ನಿಲ್ಲಿಸಿತು. ಅಂತರ್ಜಲಕ್ಕಿಂತ ಕೆಳಗೆ ಅಗೆದ ಹೊಂಡಗಳಲ್ಲಿ ನೀರು ಒಸರಿ ನಿಂತಿತು. ಫೋಟೋಗಳಲ್ಲಿ ನೀವು ನೋಡಿ ಮರುಳಾದ ನೀಲಿ ಕೆರೆಗಳು ಅವೇ. ಇತ್ತ ನಿಜವಾದ ಕೆರೆಯಾಗಿದ್ದ ಬಡಖಲ್, ನೀರು ಹರಿದು ಬರುತ್ತಿದ್ದ ದಾರಿಗಳು ತುಂಡಾಗಿ ಒಣಗಿಹೋಯಿತು. ಸಂಸ್ಕರಿಸಿದ ಚರಂಡಿ ನೀರು ತುಂಬಿಸಿ ಅದನ್ನು ಬದುಕಿಸುವ ಕೆಲಸ ನಡೆದಿದೆ. ಕೆಳಗಿನ ಒಂದೊಂದು ನಿಯಮವೂ ಈ ಕಥೆಯಿಂದಲೇ ಹುಟ್ಟಿದ್ದು.

ಮಾಡಬಾರದ್ದು

ನೀರಿಗೆ ಇಳಿಯಬಾರದು. ಕಾಲು ತೊಳೆಯಲೂ ಕೂಡದು, ಬಾಟಲಿ ತುಂಬಿಸಲೂ ಕೂಡದು. ಊರಿನ ಕೆರೆಗೆ ಏರಿ ಇರುತ್ತದೆ, ದನ ಇಳಿಯುವ ಇಳಿಜಾರು ಇರುತ್ತದೆ, ಮೊಣಕಾಲು ನೀರು, ಸೊಂಟದ ನೀರು ಎಂದು ಆಳ ಹಂತಹಂತವಾಗಿ ಬರುತ್ತದೆ. ಕ್ವಾರಿ ಹೊಂಡದಲ್ಲಿ ಇದು ಯಾವುದೂ ಇಲ್ಲ. ಸಿಡಿಮದ್ದಿಟ್ಟು ಸೀಳಿದ ಗೋಡೆ ನೆಟ್ಟಗೆ ಕೆಳಗಿಳಿದಿರುತ್ತದೆ; ದಡದಿಂದ ಒಂದು ಹೆಜ್ಜೆ ಆಚೆಗೆ ತಳವೇ ಸಿಗದು. ಮತ್ತೆ ಹತ್ತೋಣವೆಂದರೆ ಹಿಡಿಯಲು ಬೇರಿಲ್ಲ, ಕಾಲೂರಲು ಮೆಟ್ಟಿಲಿಲ್ಲ, ಬಂಡೆಯ ಮೇಲೆ ಪಾಚಿ. ಕ್ಲೀಟ್ ಹಾಕಿದ ಸೈಕಲ್ ಬೂಟು ಅಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಮೇಲ್ಪದರ ಬಿಸಿಲಿಗೆ ಬೆಚ್ಚಗಿದ್ದರೂ ಕೆಳಗಿನ ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಈಜು ಬಲ್ಲವನ ಉಸಿರನ್ನೇ ಕಟ್ಟಿಸುತ್ತದೆ. ಫರೀದಾಬಾದ್ ಕಡೆಯ ಇಂಥ ಹೊಂಡಗಳಿಗೆ ‘ಖೂನಿ ಝೀಲ್’, ‘ಡೆತ್ ವ್ಯಾಲಿ’ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಬೇಸಿಗೆಯಲ್ಲಿ ಈಜಲು ಹೋದ ಹುಡುಗರು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

ಅಂಚಿಗೆ ಸೈಕಲ್ ತರಬಾರದು. ಹೊಂಡದ ಅಂಚು ಕಂಡೊಡನೆ ಇಳಿದು, ಸೈಕಲ್ಲನ್ನು ಹಿಂದೆಯೇ ಮಲಗಿಸಿ. ಮಳೆಗಾಲ ಕಳೆದ ಮೇಲೆ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂಚಿನ ಮಣ್ಣು ಮೇಲೆ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಟೊಳ್ಳಾಗಿರುತ್ತದೆ. ಸೆಲ್ಫಿಗಾಗಿ ಹಿಂದಕ್ಕೆ ಹೆಜ್ಜೆ ಇಡುವವರನ್ನು ಮುಂದಿನ ವಾರ ಕರೆಯುವುದಿಲ್ಲ. ಈ ವಿಷಯದಲ್ಲಿ ಚರ್ಚೆ ಇಲ್ಲ.

ಯಾರಾದರೂ ಬಿದ್ದರೆ ಹಿಂದೆ ಹಾರಬಾರದು. ಹಗ್ಗ ಎಸೆಯಿರಿ. ಹಗ್ಗ ಇಲ್ಲದಿದ್ದರೆ ಟ್ಯೂಬ್‌ಗಳನ್ನು ಗಂಟು ಹಾಕಿ, ಖಾಲಿ ಬಾಟಲಿ ಕಟ್ಟಿ ಎಸೆಯಿರಿ. ಅದೇ ಹೊತ್ತಿಗೆ ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ.

ಮಂಗರ್ ಬನಿಯೊಳಗೆ ಸೈಕಲ್ ಒಯ್ಯಬಾರದು. ಕೊಡಗಿನವರಿಗೆ ದೇವರಕಾಡು ಎಂದರೆ ಸಾಕು, ಉಳಿದವರಿಗೆ ಸ್ವಲ್ಪ ವಿವರ: ಮಂಗರ್, ಬಂಧವಾಡಿ, ಬಲಿಯಾವಾಸ್ ಊರುಗಳ ಗುಜ್ಜರರು ಗುದಡಿಯಾ ಬಾಬಾನ ಹೆಸರಿನಲ್ಲಿ ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಕಣಿವೆ ಇದು. ಒಂದು ಕಡ್ಡಿ ಮುರಿದರೂ ಬಾಬಾ ಸುಮ್ಮನಿರುವುದಿಲ್ಲ ಎಂಬ ಭಯ ಊರಿನಲ್ಲಿ ಈಗಲೂ ಇದೆ. ಆ ಭಯದಿಂದಲೇ ಕಾಡು ಉಳಿಯಿತು. ಸುತ್ತಲಿನ ಗುಡ್ಡಗಳೆಲ್ಲ ಬಳ್ಳಾರಿ ಜಾಲಿಯ ಪಾಲಾಗಿರುವಾಗ ಇಲ್ಲಿ ಮಾತ್ರ ಧೌ ಮರಗಳು ಒತ್ತಾಗಿ ನಿಂತಿವೆ. ಧೌ ಎಂದರೆ ನಮ್ಮ ದಿಂಡಿಗದ ದಾಯಾದಿ. ಬಂಡೆಯ ಬಿರುಕಿನಲ್ಲಿ ಬೇರು ಇಳಿಸಿ ಬಲು ನಿಧಾನವಾಗಿ ಬೆಳೆಯುತ್ತದೆ. ನಿಮ್ಮ ಟೈರು ಕಿತ್ತುಹಾಕುವ ಒಂದು ಸಸಿ ನಿಮ್ಮ ಜೀವಮಾನದಲ್ಲಿ ಮರಳಿ ಮರವಾಗದು. ಹರಿಯಾಣ ಸರ್ಕಾರ 2016ರಲ್ಲಿ ಬನಿಯ ಸುತ್ತ 500 ಮೀಟರ್ ವಲಯದಲ್ಲಿ ಕಟ್ಟಡ ಕಟ್ಟುವಂತಿಲ್ಲ ಎಂದಿತು. ನಾವು ಅದಕ್ಕಿಂತ ಬಿಗಿಯಾದ ಗೆರೆ ಎಳೆದುಕೊಂಡಿದ್ದೇವೆ: ಕಣಿವೆಯ ಮೇಲಿನ ದಿಣ್ಣೆಯಿಂದ ನೋಡಿ, ಕೈ ಮುಗಿಯುವವರು ಮುಗಿಯಿರಿ, ತಿರುಗಿ ಬನ್ನಿ.

ಸ್ಟ್ರಾವಾದಲ್ಲಿ ಬನಿಯ ಹತ್ತಿರದ ಹಾದಿಯನ್ನು ತೆರೆದು ಹಾಕಬಾರದು. ಒಬ್ಬರು ದಾಟಿದ ಗೆರೆ ಮುಂದಿನ ತಿಂಗಳು ನಲವತ್ತು ಜನರ ಹೆದ್ದಾರಿಯಾಗುತ್ತದೆ. ಯಾರು ಎಷ್ಟು ವೇಗವಾಗಿ ಇಳಿದರು ಎಂಬ ಪಂದ್ಯಕ್ಕೆ ಗುರುಗ್ರಾಮದಲ್ಲಿ ಬೇಕಾದಷ್ಟು ಫ್ಲೈಓವರ್‌ಗಳಿವೆ.

ಕಲ್ಲು ಎತ್ತಿಕೊಂಡು ಬರಬಾರದು. ಮಂಗರ್, ಅನಂಗಪುರ ಸುತ್ತ ಶಿಲಾಯುಗದ ಕಲ್ಲಿನ ಉಪಕರಣಗಳು ಸಿಕ್ಕಿವೆ. 2021ರಲ್ಲಿ ಮಂಗರ್ ಗುಡ್ಡಗಳ ಬಂಡೆಚಿತ್ರಗಳೂ ಬೆಳಕಿಗೆ ಬಂದವು. ಚೂಪಾಗಿ, ಚೆಂದವಾಗಿ ಕಂಡದ್ದನ್ನು ಜೇಬಿಗಿಳಿಸುವ ಚಾಳಿ ಬಿಡಿ.

ಅಸೋಲಾ ಭಟ್ಟಿಯ ಗೋಡೆ ಹಾರಬಾರದು. 1986ರಲ್ಲಿ ಅಸೋಲಾ, 1991ರಲ್ಲಿ ಭಟ್ಟಿ ಸೇರಿ ಆದ ವನ್ಯಜೀವಿಧಾಮ ಅದು. ಅನುಮತಿಯಿಲ್ಲದೆ ನುಗ್ಗುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಗೋಡೆ ಒಡೆದ ಕಡೆ ಸೈಕಲ್ ತೂರಿಸಿ ‘ದಾರಿ ತೆರೆದೇ ಇತ್ತು ಸಾರ್’ ಎಂದರೆ ಗಾರ್ಡ್ ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ಬಳಿಯ ಗೇಟಿಗೆ ಹೋಗಿ, ಕೇಳಿ, ಬಿಟ್ಟರಷ್ಟೇ ಒಳಗೆ ಹೋಗಿ.

ಮಂಗಗಳಿಗೆ ತಿನಿಸು ಹಾಕಬಾರದು. ದೆಹಲಿಯಲ್ಲಿ ಹಿಡಿದ ಮಂಗಗಳನ್ನು ಹೈಕೋರ್ಟ್‌ನ 2007ರ ಆದೇಶದ ನಂತರ ಭಟ್ಟಿಯಲ್ಲೇ ಬಿಡಲಾಗುತ್ತಿದೆ. ಗುರುಗ್ರಾಮ–ಫರೀದಾಬಾದ್ ರಸ್ತೆಯ ಬದಿಯಲ್ಲಿ ಪುಣ್ಯಕ್ಕೆಂದು ಡಜನ್‌ಗಟ್ಟಲೆ ಬಾಳೆಹಣ್ಣು ಸುರಿಯುವವರನ್ನು ನೀವು ನೋಡಿಯೇ ಇರುತ್ತೀರಿ. ಹಣ್ಣಿಗೆ ಬಂದ ಮಂಗ ಡಂಪರ್‌ನಡಿ ಸಾಯುತ್ತದೆ. ಜರ್ಸಿಯ ಹಿಂಜೇಬಿನಲ್ಲಿ ಹಣ್ಣು ಇಣುಕುತ್ತಿದ್ದರೆ ಅದು ನಿಮ್ಮದಲ್ಲ ಎಂದೇ ತಿಳಿಯಿರಿ.

ಮಾಡಬೇಕಾದ್ದು

ಗಾಳಿ ನೋಡಿಯೇ ಹೊರಡಿ. ಬೆಂಗಳೂರಿನಿಂದ ಹೊಸದಾಗಿ ಬಂದವರಿಗೆ ಇದು ತಲೆಗೆ ಹೋಗಲು ಒಂದು ನವೆಂಬರ್ ಬೇಕು. ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ಕರ್ಣಿ ಸಿಂಗ್ ರೇಂಜ್, ಗ್ವಾಲ್ ಪಹಾಡಿ ಎರಡೂ ಮಾಪನ ಕೇಂದ್ರಗಳ ಎಕ್ಯೂಐ ನೋಡುವುದು ಕಡ್ಡಾಯ. 200 ದಾಟಿದರೆ, ಅಂದರೆ ಸರ್ಕಾರಿ ಲೆಕ್ಕದಲ್ಲಿ ‘ಕಳಪೆ’ ಶುರುವಾದರೆ, ಸವಾರಿ ರದ್ದು. ಏರು ಹತ್ತುವಾಗ ಎಳೆದುಕೊಳ್ಳುವ ಉಸಿರು ಕುಳಿತಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಾಸ್ಕ್ ಹಾಕಿ ಬರುತ್ತೇನೆ ಎನ್ನುವವರು ಅದನ್ನು ಹಾಕಿಕೊಂಡು ಧೌಜ್‌ನ ಏರು ಹತ್ತಿ ತೋರಿಸಲಿ. ಈ ನಿಯಮದಿಂದಾಗಿ ನವೆಂಬರ್, ಡಿಸೆಂಬರ್‌ನ ಬಹಳಷ್ಟು ಭಾನುವಾರಗಳು ಮನೆಯಲ್ಲೇ ಉಪ್ಪಿಟ್ಟು ತಿಂದು ಕಳೆಯುತ್ತವೆ. ಕಳೆಯಲಿ. ಫೆಬ್ರುವರಿ, ಮಾರ್ಚ್ ಇದ್ದೇ ಇದೆ. ಮೇ, ಜೂನ್‌ನಲ್ಲಿ ಬಂಡೆ ಕಾದಿರುವಾಗ ಬೆಳಿಗ್ಗೆ ಎಂಟಕ್ಕೆ ವಾಪಸಾಗಿರಬೇಕು. ಜನವರಿಯಲ್ಲಿ ಮಂಜು ಹರಿಯುವ ತನಕ ಡಾಂಬರು ರಸ್ತೆಗೆ ಇಳಿಯಲೇಬಾರದು.

ಬೆಳಕಿರುವಾಗಲೇ ಕಾಡಿನಿಂದ ಹೊರಬನ್ನಿ. ಇಲ್ಲಿ ಚಿರತೆಗಳಿವೆ. ಅಸೋಲಾದಲ್ಲಿ ಕ್ಯಾಮೆರಾಗಳಿಗೆ ಸಿಕ್ಕಿವೆ, ಗುರುಗ್ರಾಮ–ಫರೀದಾಬಾದ್ ರಸ್ತೆಯಲ್ಲಿ ವಾಹನಗಳಿಗೆ ಸಿಕ್ಕಿ ಸತ್ತೂ ಇವೆ. ಒಬ್ಬರೇ ಹೋಗಬೇಡಿ, ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬೇಡಿ, ತಿರುವುಗಳಲ್ಲಿ ಗಂಟೆ ಬಾರಿಸಿ, ಮಾತಾಡುತ್ತ ಹೋಗಿ. ಎದುರಾದರೆ ತುಳಿದು ಓಡುವ ಯೋಚನೆ ಬೇಡ: ಇಳಿಯಿರಿ, ನೆಟ್ಟಗೆ ನಿಲ್ಲಿ, ಸೈಕಲ್ಲನ್ನು ಮುಂದೆ ಹಿಡಿದು ನಿಧಾನಕ್ಕೆ ಹಿಂದೆ ಸರಿಯಿರಿ. ನಿಜ ಹೇಳಬೇಕೆಂದರೆ ನಿಮಗೆ ಎದುರಾಗುವುದು ಚಿರತೆಯಲ್ಲ, ಬಂಧವಾಡಿಯ ಕಸದ ಗುಡ್ಡದ ಸುತ್ತ ಸುಳಿದಾಡುವ ನಾಯಿ ಹಿಂಡು. ಅಲ್ಲಿಯೂ ಇದೇ ಉಪಾಯ. ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅಂದೇ ಲಸಿಕೆ ಹಾಕಿಸಿ. ಕಸದ ಗುಡ್ಡದಿಂದ ಹರಿದು ಬರುವ ಕಪ್ಪು ನೀರಿನ ಹಳ್ಳದಲ್ಲಿ ಸೈಕಲ್ ಓಡಿಸದೆ ಸುತ್ತಿ ಬನ್ನಿ.

ಟೈರು 40 ಮಿ.ಮೀ.ಗಿಂತ ಕಡಿಮೆ ಇರಕೂಡದು. ಟ್ಯೂಬ್‌ಲೆಸ್ ಮಾಡಿಸಿ, ಸೀಲೆಂಟ್ ಹೊಸದಾಗಿ ಹಾಕಿಸಿ; ಜಾಲಿಮುಳ್ಳಿನ ಸಾಮರ್ಥ್ಯ ಬಯಲುಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಬೆಣಚುಗಲ್ಲಿನ ಅಲಗು ಟೈರಿನ ಪಕ್ಕೆಯನ್ನೇ ಸೀಳುವುದರಿಂದ ಒಳಗಿನಿಂದ ಒತ್ತಿಡಲು ಹಳೆ ಟೈರಿನ ತುಂಡೊಂದು ಚೀಲದಲ್ಲಿರಲಿ. ಒಂದು ಟ್ಯೂಬ್, ಪಂಪು, ಹದಿನೈದು ಮೀಟರ್ ಹಗ್ಗ, ಎರಡು ಲೀಟರ್ ನೀರು, ಹೆಲ್ಮೆಟ್. ಇಷ್ಟು ಇಲ್ಲದವರು ಚಹಾ ಕುಡಿದು ಮನೆಗೆ ಹೋಗಬಹುದು.

ಹತ್ತಿರದ ಊರಿನ ಹೆಸರು ಸದಾ ನೆನಪಿನಲ್ಲಿರಲಿ. ಗುಡ್ಡದೊಳಗೆ ದೆಹಲಿ ಎಲ್ಲಿ ಮುಗಿಯಿತು, ಹರಿಯಾಣ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ, ಪೊಲೀಸರು ಮಾತ್ರ ಬೇರೆ ಬೇರೆ. 112ಕ್ಕೆ ಫೋನ್ ಮಾಡಿ ‘ಕಾಡಿನಲ್ಲಿದ್ದೇವೆ’ ಎಂದರೆ ಯಾರೂ ಬರಲಾರರು. ‘ಕೋಟ್ ಊರಿನ ಮೇಲಿನ ಹೊಂಡ’ ಎಂದರೆ ಬರುತ್ತಾರೆ.

ಊರೊಳಗೆ ಸೈಕಲ್ ನಿಧಾನ. ಎಮ್ಮೆಗಳಿಗೆ ದಾರಿ ಬಿಡಿ. ಹುಕ್ಕಾ ಸುತ್ತ ಕುಳಿತ ಹಿರಿಯರಿಗೆ ‘ರಾಮ್ ರಾಮ್ ತಾವೂಜಿ’ ಎಂದು ಮೊದಲು ನೀವೇ ಹೇಳಿ, ಆಮೇಲೆ ದಾರಿ ಕೇಳಿ. ಹೆಂಗಸರಿರುವ ಅಂಗಳದ ಕಡೆ ಕ್ಯಾಮೆರಾ ತಿರುಗಿಸಬೇಡಿ. ಹೆಲ್ಮೆಟ್ಟಿನ ಮೇಲಿನ ಕ್ಯಾಮೆರಾ ಊರ ಗಡಿಯಲ್ಲೇ ಆರಿರಬೇಕು. ಈ ಜಮೀನು ಯಾರದು, ಬೆಲೆ ಎಷ್ಟು ಎಂದು ಕೇಳಬಾರದು. ಅಲ್ಲಿ ಆ ಪ್ರಶ್ನೆ ಕೇಳುವವರೆಲ್ಲ ದಲ್ಲಾಳಿಗಳು, ನಿಮ್ಮನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತಾರೆ.

ಹೊರಡುವ ಜಾಗ, ಹೊತ್ತು ಶನಿವಾರ ರಾತ್ರಿ ತಿಳಿಸಲಾಗುವುದು. ಬರುವುದಾಗಿ ಹೇಳಿ ಬಾರದವರಿಗಾಗಿ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಚಹಾ ಅಂಗಡಿಗೆ ಚಿಲ್ಲರೆ ತನ್ನಿ, ಗುಡ್ಡದಲ್ಲಿ ಎಲ್ಲ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ.