ಮಗು ಏನಾದರೂ ನುಂಗಿದಾಗ



ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸುವಾಗ ನಾಣ್ಯ ಬಿದ್ದರೆ ನಾವು ಹುಡುಕುತ್ತೇವೆ. ಅಂಬೆಗಾಲಿಡುವ ಮಗು ನಮಗಿಂತ ಮೊದಲೇ ಹುಡುಕಿ ಬಾಯಿಗೆ ಹಾಕಿಕೊಂಡಿರುತ್ತೆ!

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಅಳಲು, ಉಸಿರಾಡಲು ಆಗದಿದ್ದರೆ ತಡ ಮಾಡಬೇಡಿ. ಒಂದು ವರ್ಷದೊಳಗಿನ ಮಗುವನ್ನು ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಅಂಗೈ ಬುಡದಿಂದ ಬೆನ್ನಿಗೆ 5 ಸಲ ಬಲವಾಗಿ ತಟ್ಟಿ. ಬರದಿದ್ದರೆ ಅಂಗಾತ ಮಾಡಿ ಎದೆಯ ಮಧ್ಯೆ ಒಂದು ಅಂಗೈ ಬುಡದಿಂದ 5 ಸಲ ಒತ್ತಿ. ದೊಡ್ಡ ಮಗುವಾದರೆ ಬೆನ್ನಿಗೆ ತಟ್ಟಿದ ಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಹೊರಬರುವ ತನಕ ಹೀಗೇ ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಅಂಗಾತ ಮಲಗಿಸಿ ಎದೆ ಒತ್ತಲು ಶುರು ಮಾಡಿ. ವಸ್ತು ಕಣ್ಣಿಗೆ ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತೆ.

ಬಾಳೆಹಣ್ಣು ತಿನ್ನಿಸಿ, ವಾಂತಿ ಮಾಡಿಸಿ ಅಂತ ನಮ್ಮ ಹಿರಿಯರು ಹೇಳ್ತಾರೆ, ಎರಡೂ ಬೇಡ. ಹೊಟ್ಟೆಗೆ ಇಳಿದ ನಾಣ್ಯ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತೆ. ಇಳಿದಿದೆಯೋ, ಅನ್ನನಾಳದಲ್ಲೇ ಸಿಕ್ಕಿದೆಯೋ ಎಕ್ಸ್‌ರೇಯಲ್ಲಿ ಗೊತ್ತಾಗಬೇಕು.

ಗೊಂಬೆ, ಗಡಿಯಾರ, ರಿಮೋಟಿನ ಬಟನ್ ಸೆಲ್ ನಾಣ್ಯದ ಹಾಗಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಟ್ಟ ಗಾಯ ಮಾಡುತ್ತೆ. ಮಗು ಆಡಿಕೊಂಡಿದೆ, ನಾಳೆ ನೋಡೋಣ ಅನ್ನಬೇಡಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ವರ್ಷ ದಾಟಿದ ಮಗು ನುಂಗಬಲ್ಲದಾದರೆ, ಸೆಲ್ ನುಂಗಿ 12 ಗಂಟೆ ಆಗಿರದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಚಹಾ ಚಮಚ ಜೇನು ಕೊಡಿ, ಹೆಚ್ಚೆಂದರೆ 6 ಸಲ. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಅಂಥದ್ದೇ ಇನ್ನೊಂದು ಸೆಲ್ ಮನೆಯಲ್ಲಿದ್ದರೆ ಡಾಕ್ಟರಿಗೆ ತೋರಿಸಲು ಜೊತೆಗೆ ಒಯ್ಯಿರಿ.